ಅಯ್ಯೋ ಪಾಪ!

ನಮ್ಮತ್ತೆಯವರ ಏಕಾದಶಿ ಉಪವಾಸ ಕಂಡವರಿಗೆ ‘ಐಷಾರಾಮಿ ಸಾಹಸ ಪ್ರವಾಸ’ ಅಂದರೇನೆಂದು ಬಿಡಿಸಿ ಹೇಳಬೇಕಾಗಿಲ್ಲ. ಅವರು ಅನ್ನ ಒಂದನ್ನು ಮುಟ್ಟುತ್ತಿರಲಿಲ್ಲ, ಅಷ್ಟೇ. ಬೆಳಿಗ್ಗೆ ಮೊಸರವಲಕ್ಕಿ, ಹನ್ನೊಂದಕ್ಕೆ ಬಾಳೆಹಣ್ಣಿನ ಸೀಕರಣೆ, ಮಧ್ಯಾಹ್ನ ತುಪ್ಪ ಜಿನುಗುವ ಸಜ್ಜಿಗೆ, ಸಂಜೆ ಗೋಡಂಬಿ ಅರೆದು ಹಾಕಿದ ಹಾಲು. ರಾತ್ರಿ ಮಾತ್ರ ‘ಉಪವಾಸ ನೋಡು, ಕೈಕಾಲು ಸೋತುಹೋಗಿದೆ’ ಅಂತ ನನ್ನ ಕೈಯಲ್ಲಿ ಕಾಲು ಒತ್ತಿಸಿಕೊಳ್ಳುತ್ತಿದ್ದರು. ಪೆರು ದೇಶದ ಆಂಡೀಸ್ ಬೆಟ್ಟಗಳಲ್ಲಿ ನಾವು ಒಂಬತ್ತು ದಿನ ಮಾಡಿದ ಸಾಹಸವೂ ಅದೇ ಜಾತಿಯದು.

ಖರ್ಚು ಮಗನದು. ನಮ್ಮ ಮದುವೆಯಾಗಿ ನಲವತ್ತು ವರ್ಷವಾಯಿತೆಂದು ನ್ಯೂಜೆರ್ಸಿಯಿಂದ ಫೋನ್ ಮಾಡಿ, ಎಲ್ಲಿಗೆ ಹೋಗ್ತೀರಮ್ಮ ಅಂತ ಕೇಳಿದ. ನಾನು ಕಾಶಿ ಅಂದೆ. ಅವನು ಕುಸ್ಕೊ ಅಂದ. ನೆಟ್‌ವರ್ಕ್ ಸರಿಯಿರಲಿಲ್ಲ, ಇಬ್ಬರೂ ಒಂದೇ ಊರು ಹೇಳುತ್ತಿದ್ದೇವೆ ಅಂದುಕೊಂಡು ಒಪ್ಪಿಬಿಟ್ಟೆ.

ನಮ್ಮವರು ಹೊಸ ಬೂಟು ಹಾಕಿಕೊಂಡು ಹಾಸನದ ಮಹಾರಾಜ ಪಾರ್ಕಿನಲ್ಲಿ ದಿನಾ ಹತ್ತು ಸುತ್ತು ಹಾಕಿದರು. ‘ಮುಳ್ಳಯ್ಯನಗಿರಿ ಎರಡು ಸಲ ಹತ್ತಿದೀನಿ, ನನಗೇನು ಹೇಳ್ತೀಯ’ ಅನ್ನುವುದು ಅವರ ಧೈರ್ಯ. ಮುಳ್ಳಯ್ಯನಗಿರಿ 1,930 ಮೀಟರ್. ಕುಸ್ಕೊ ಇರುವುದು 3,400 ಮೀಟರ್‌ನಲ್ಲಿ. ಅಂದರೆ ನಮ್ಮ ಗಿರಿಯ ತಲೆಯ ಮೇಲೆ ಇನ್ನೊಂದು ಮುಕ್ಕಾಲು ಗಿರಿ ಕೂರಿಸಿ, ಅದರ ಮೇಲೆ ಊರು ಕಟ್ಟಿ, ಆಟೋ ಓಡಿಸಿದ್ದಾರೆ.

ಹೋಟೆಲಿನ ಬಾಗಿಲಲ್ಲೇ ಪೆಟ್ಟಿಗೆ ಎತ್ತಲು ಹುಡುಗ ಬಂದ. ‘ನಮ್ಮ ಹೊರೆ ನಾವೇ ಹೊರಬೇಕು’ ಎಂದು ಇವರು ತತ್ವ ಹಿಡಿದು ಪೆಟ್ಟಿಗೆ ಎತ್ತಿದರು. ನಾಲ್ಕನೇ ಮೆಟ್ಟಿಲಿಗೆ ತತ್ವ ಕೆಳಗಿಳಿಯಿತು, ಇವರು ಅದರ ಮೇಲೆ ಕೂತರು. ಬಾಯಿ ತೆರೆದಿದೆ, ಮಾತಿಲ್ಲ. ಹುಡುಗ ಗಾಬರಿಯಾಗಲಿಲ್ಲ. ಮದುವೆ ಮನೆಯಲ್ಲಿ ಪನ್ನೀರು ಚಿಮುಕಿಸುವವರ ಹಾಗೆ ನಗುತ್ತಾ ಹೋಗಿ, ಪುಟ್ಟ ಆಮ್ಲಜನಕದ ಸಿಲಿಂಡರನ್ನು ಟ್ರಾಲಿಯಲ್ಲಿ ತಳ್ಳಿಕೊಂಡು ಬಂದು ಇವರ ಮೂಗಿಗೆ ಮುಖವಾಡ ಕಟ್ಟಿದ. ಸಿಲಿಂಡರಿಗೂ ಬಿಳಿ ಕರವಸ್ತ್ರ ಸುತ್ತಿದ್ದರು. ಐಷಾರಾಮ ಅಂದರೆ ಅದು. ಈ ಎತ್ತರದ ಕಾಯಿಲೆಗೆ ಅಲ್ಲಿಯವರು ‘ಸೊರೊಚೆ’ ಅನ್ನುತ್ತಾರೆ. ಹೆಸರು ಕೇಳಿದರೆ ಏನೋ ಸಿಹಿತಿಂಡಿ ಅನ್ನಿಸುತ್ತದೆ.

ಆಮೇಲೆ ಕೋಕಾ ಎಲೆಯ ಕಷಾಯ ಬಂತು. ಕೊಕೇನ್ ತೆಗೆಯುವುದು ಈ ಎಲೆಯಿಂದಲೇ ಎಂದು ಎಲ್ಲೋ ಓದಿದ್ದ ಇವರು ಬಟ್ಟಲನ್ನು ಮೇಜಿನ ಆ ತುದಿಗೆ ಸರಿಸಿದರು. ದ್ರಾಕ್ಷಿ ತಿಂದವರಿಗೆಲ್ಲ ಅಮಲೇರುತ್ತದೆಯೇ ಎಂದು ನಮ್ಮ ಗೈಡ್ ಹುಡುಗಿ ಕೇಳಿದಳು. ಪೆರುವಿನಲ್ಲಿ ಸಂತೆಯಲ್ಲೇ ಸಿಗುವ ಎಲೆ ಅದು, ಮಗನ ಅಮೆರಿಕಕ್ಕೆ ಮಾತ್ರ ಒಯ್ಯುವಂತಿಲ್ಲ. ಹಳ್ಳಿಯವರು ಅದನ್ನು ಬೂದಿಯ ಉಂಡೆಯ ಚೂರಿನ ಜೊತೆ ದವಡೆಗೆ ಒತ್ತರಿಸಿಕೊಳ್ಳುವುದನ್ನು ನೋಡಿದಾಗ ನನಗೆ ನಮ್ಮಜ್ಜಿಯ ಎಲೆ-ಸುಣ್ಣ ಕಣ್ಣಮುಂದೆ ಬಂತು. ಬೆಟ್ಟದ ದೇವರಿಗೂ ಅದೇ ಎಲೆ: ಮುಕ್ಕಿಲ್ಲದ ಮೂರನ್ನು ಆರಿಸಿ, ಬೀಸಣಿಗೆಯ ಹಾಗೆ ಹಿಡಿದು, ಮೆಲ್ಲಗೆ ಊದಿ ಅರ್ಪಿಸುತ್ತಾರೆ. ಮೂರೆಲೆಯ ಬಿಲ್ವಪತ್ರೆ ಇಟ್ಟು ಬೆಳೆದ ನಾನು ಗೈಡ್ ಹೇಳಿಕೊಡುವ ಮೊದಲೇ ಕೈಮುಗಿದಿದ್ದೆ.

ನಡಿಗೆ ಶುರುವಾದದ್ದು ನಾಲ್ಕನೇ ದಿನ, ಪಿಸಾಕ್ ಊರಿನ ಮೇಲಿನ ಗುಡ್ಡಗಳಲ್ಲಿ. ಅಷ್ಟರಲ್ಲಿ ಮಚು ಪಿಚು ಮುಗಿದಿತ್ತು. ಅದನ್ನು ನೋಡಿ ಬಂದವರೆಲ್ಲ ಬರೆದಿದ್ದಾರೆ, ನಾನು ಬಿಡುತ್ತೇನೆ. ನಾನು ಮೆಚ್ಚಿದ್ದು ಒಂದೇ: ಅದು ಇರುವುದು 2,430 ಮೀಟರ್‌ನಲ್ಲಿ, ಕುಸ್ಕೊಗಿಂತ ಹತ್ತಿರ ಹತ್ತಿರ ಒಂದು ಕಿಲೋಮೀಟರ್ ಕೆಳಗೆ. ಅಲ್ಲಿ ಎರಡು ದಿನ ಇವರು ಮುಖವಾಡವಿಲ್ಲದೆ ನನ್ನ ಜೊತೆ ಜಗಳವಾಡಿದರು.

ನಡೆಯುವವರು ನಾವಿಬ್ಬರು. ನಮ್ಮನ್ನು ನಡೆಸಲು ಗೈಡ್, ಅಡುಗೆಯವ, ಅವನ ಸಹಾಯಕ, ಸಾಮಾನು ಹೊರುವ ಲಾಮಾಗಳು, ಎಲ್ಲರ ಹಿಂದೆ ಒಂದು ಕಂದು ಕುದುರೆ. ಅದು ಯಾಕೆ ಅಂತ ಕೇಳಿದರೆ ‘ತುರ್ತು ಕುದುರೆ’ ಅಂದರು. ಯಾರಿಗಾದರೂ ಆಗದಿದ್ದರೆ ಇರಲಿ ಅಂತ. ಆ ‘ಯಾರಾದರೂ’ ಯಾರೆಂಬುದು ಕುದುರೆಗೆ ಮೊದಲ ದಿನವೇ ಗೊತ್ತಾದಂತಿತ್ತು. ಇವರು ನಿಂತರೆ ಅದೂ ನಿಲ್ಲುತ್ತಿತ್ತು. ಇವರು ಬಂಡೆಗೊರಗಿ ಉಸಿರೆಳೆದುಕೊಂಡರೆ ತಲೆಯಾಡಿಸುತ್ತಿತ್ತು. ‘ಅದನ್ನ ಆಚೆ ಕರ್ಕೊಂಡ್ಹೋಗಕ್ಕೆ ಹೇಳೇ, ಯಮನ ಕೋಣ ಹಿಂದೆ ಬಂದ ಹಾಗಾಗ್ತಿದೆ’ ಅಂದರು.

ನಮ್ಮ ಕಾಲಲ್ಲಿ ಒಂದು ತಿಂಗಳ ಪಿಂಚಣಿ ನುಂಗಿದ ಬೂಟು. ಅಡುಗೆಯ ಸಹಾಯಕನ ಕಾಲಲ್ಲಿ ಹಳೇ ಟೈರು ಕತ್ತರಿಸಿ ಮಾಡಿದ ಚಪ್ಪಲಿ. ಅದರಲ್ಲೇ ಅವನು ನಮ್ಮನ್ನು ದಾಟಿ ಓಡಿ, ನಾವು ಏದುಸಿರು ಬಿಡುತ್ತಾ ಕಣಿವೆಯ ನೆತ್ತಿ ಮುಟ್ಟುವಷ್ಟರಲ್ಲಿ ಮೇಜು ಹಾಕಿ, ಬಿಳಿ ಬಟ್ಟೆ ಹಾಸಿ, ಬಿಸಿ ಟವೆಲ್ ಹಿಡಿದು ನಿಂತಿರುತ್ತಿದ್ದ. ಸಾಹಸಕ್ಕೆ ಪದಕ ಕೊಡುವುದಿದ್ದರೆ ಯಾರಿಗೆ ಕೊಡಬೇಕೆಂದು ನನಗೇನೂ ಅನುಮಾನವಿಲ್ಲ.

ಒಂದೇ ವಿಷಯದಲ್ಲಿ ಐಷಾರಾಮ ಸೋತಿತು. ನಾನು ಹಾಸನದಿಂದ ಫಿಲ್ಟರ್, ಕಾಫಿಪುಡಿ ಎರಡೂ ಕಟ್ಟಿಕೊಂಡು ಹೋಗಿದ್ದೆ. ನೀರು ಮರಳಿತು, ಸುರಿದೆ, ಕಾದೆ. ಡಿಕಾಕ್ಷನ್ ಹಿಂದಿನ ದಿನದ ಸಾರಿನ ತಿಳಿಯ ಹಾಗಿತ್ತು. ಆ ಎತ್ತರದಲ್ಲಿ ಗಾಳಿಯ ಒತ್ತಡ ಕಡಿಮೆ, ನೀರು 90 ಡಿಗ್ರಿ ಮುಟ್ಟುವ ಮೊದಲೇ ಕುದ್ದುಬಿಡುತ್ತದೆ. ಎಷ್ಟು ಉರಿ ಹಾಕಿದರೂ ಅಷ್ಟೇ. ಕೊತಕೊತ ಕುದಿಯುತ್ತದೆ, ಬಿಸಿ ಮಾತ್ರ ಸಾಲದು. ನಮ್ಮ ಮನೆಯವರ ಕೋಪದ ಹಾಗೆ.

ನಾಲ್ಕು ಸಾವಿರ ಮೀಟರ್ ದಾಟಿದ ದಿನ ಒಂದು ಹಳ್ಳಿಯ ಅಂಗಳ ಸೇರಿದೆವು. ಇವರು ಕಲ್ಲುಕಟ್ಟೆಯ ಮೇಲೆ ಕುಸಿದು ಕೂತರು, ಮುಖ ಬದನೆಕಾಯಿ ಬಣ್ಣ. ನನ್ನ ಬಾಯಿಂದ ತಾನಾಗಿ ‘ಅಯ್ಯೋ, ಪಾಪ!’ ಅಂತ ಬಂತು. ಒಲೆಯ ಮುಂದಿದ್ದ ಅಜ್ಜಿ ತಟ್ಟನೆ ಎದ್ದು, ಮಣ್ಣಿನ ಬಟ್ಟಲಲ್ಲಿ ಬೇಯಿಸಿದ ಆಲೂಗಡ್ಡೆ ತಂದು ನನ್ನ ಮುಂದಿಟ್ಟಳು. ಥ್ಯಾಂಕ್ಸ್ ಹೇಳಿ ತಿರುಗಿದೆ. ಇವರು ಕೆಮ್ಮಿದರು. ‘ಪಾಪ, ಪಾಪ’ ಅಂದೆ. ಇನ್ನೆರಡು ಬಂತು. ಗೈಡ್ ಹೊಟ್ಟೆ ಹಿಡಿದುಕೊಂಡು ನಗತೊಡಗಿದಳು. ಅವರ ಕೆಚುವಾ ಭಾಷೆಯಲ್ಲಿ ‘ಪಾಪ’ ಅಂದರೆ ಆಲೂಗಡ್ಡೆ. ನಮ್ಮ ಕನ್ನಡದ ಹಾಗೇ ಕ್ರಿಯಾಪದವನ್ನು ಕೊನೆಗಿಡುವ ಭಾಷೆ ಅದು, ಪ್ರತ್ಯಯಗಳನ್ನು ಬಾಲದ ಹಾಗೆ ಪೋಣಿಸುತ್ತಾರೆ. ಎರಡು ಭಾಷೆಗೂ ನಂಟಿಲ್ಲವಂತೆ. ನಲವತ್ತು ವರ್ಷದಿಂದ ಗಂಡನನ್ನು ನೋಡಿ ನಾನು ಆಲೂಗಡ್ಡೆ, ಆಲೂಗಡ್ಡೆ ಅನ್ನುತ್ತಿದ್ದೇನೆಂದು ಮಾತ್ರ ಆವತ್ತು ತಿಳಿಯಿತು.

ಹಾಸನದವರಿಗೆ ಆಲೂಗಡ್ಡೆಯ ಪಾಠ ಹೇಳಬೇಕೆ? ನನ್ನ ಮೈದುನ ಪ್ರತಿ ವರ್ಷ ಜಲಂಧರದ ಬಿತ್ತನೆಗಡ್ಡೆ ಕೊಂಡು, ಒಂದೇ ತಳಿ ಹೊಲ ತುಂಬಾ ನೆಟ್ಟು, ಅಂಗಮಾರಿ ಬಂದ ವರ್ಷ ತಲೆ ಮೇಲೆ ಕೈಹೊತ್ತು ಕೂರುವವನು. ಆ ಅಜ್ಜಿ ತನ್ನ ಹೊಲದ ಫಸಲನ್ನು ಕಂಬಳಿಯ ಮೇಲೆ ಸುರಿದಳು: ನೇರಳೆ, ಕೆಂಪು, ಕಪ್ಪು, ಹಾವಿನ ಹಾಗೆ ಡೊಂಕು, ಗೋಲಿಯ ಹಾಗೆ ದುಂಡು. ಎಲ್ಲ ಒಂದೇ ಹೊಲದ್ದು. ರೋಗ ಒಂದಕ್ಕೆ ಬಂದರೆ ಇನ್ನೊಂದು ಉಳಿಯಲಿ ಅಂತ. ಆಂಡೀಸ್‌ನಲ್ಲಿ ಇಂಥ ನಾಟಿ ತಳಿಗಳು ನಾಲ್ಕು ಸಾವಿರಕ್ಕೂ ಹೆಚ್ಚು. ಗಡ್ಡೆಯನ್ನು ರಾತ್ರಿ ಹಿಮಕ್ಕೆ ಬಿಟ್ಟು, ಹಗಲು ಬಿಸಿಲಿಗೆ ಒಡ್ಡಿ, ಕಾಲಲ್ಲಿ ತುಳಿದು ನೀರು ಹಿಂಡಿ, ವರ್ಷಗಟ್ಟಲೆ ಕೆಡದ ‘ಚುನ್ಯೊ’ ಮಾಡುತ್ತಾರೆ. ಕಾಗೆ ಕಾಯುವ ಕೆಲಸವೊಂದಿಲ್ಲ, ಉಳಿದಂತೆ ಸಂಡಿಗೆಯೇ. ನಮ್ಮ ಮಸಾಲೆ ದೋಸೆಯ ಹೊಟ್ಟೆಯೊಳಗಿರುವುದರ ತವರುಮನೆ ಇದು. ತವರಲ್ಲಿ ಅದಕ್ಕೆ ಸಾಸಿವೆ ಒಗ್ಗರಣೆ ಕಾಣಿಸಿದವರಿಲ್ಲ ಅನ್ನುವುದೊಂದೇ ನನಗೆ ಸಂಕಟ.

ರಾಶಿಯಿಂದ ಅಜ್ಜಿ ಒಂದನ್ನು ಎತ್ತಿ ನನ್ನ ಅಂಗೈಯಲ್ಲಿಟ್ಟಳು. ಮೈಯೆಲ್ಲ ಗಂಟು, ಗಂಟಿನ ಸಂದಿಯಲ್ಲಿ ಕುಳಿ, ಕುಳಿಯೊಳಗೆ ಮಣ್ಣು. ಅದರ ಹೆಸರಿಗೆ ‘ಸೊಸೆಯನ್ನು ಅಳಿಸುವುದು’ ಎಂದರ್ಥ. ಮನೆಗೆ ಬರುವ ಸೊಸೆಗೆ ಇದನ್ನೂ ಒಂದು ಚಾಕುವನ್ನೂ ಕೊಟ್ಟು, ತಿರುಳು ಹಾಳಾಗದ ಹಾಗೆ ಸುಲಿಯಲು ಹೇಳುತ್ತಿದ್ದರಂತೆ. ನನಗೆ ನಗು ಬರಲಿಲ್ಲ. ಮದುವೆಯಾಗಿ ಬಂದ ವಾರವೇ ನಮ್ಮತ್ತೆ ಐದು ಸೇರು ಅವರೆಕಾಳು ನೆನೆಸಿ ಮುಂದಿಟ್ಟು, ‘ಹಿದುಕಮ್ಮ, ಒಂದು ಬೇಳೆ ಮುರೀಬಾರ್ದು’ ಅಂದಿದ್ದರು. ಹೆಬ್ಬೆರಳಿನ ಉಗುರಿನ ಬುಡ ಮೂರು ದಿನ ಉರಿದಿತ್ತು.

ಚಾಕು ತೆಗೆದುಕೊಂಡೆ. ಗಂಟು ಬಳಸಿ, ಕುಳಿಯೊಳಗೆ ತುದಿ ತಿರುವಿ, ಸಿಪ್ಪೆ ತುಂಡಾಗದ ಹಾಗೆ ಅರ್ಧ ಸುಲಿದಿದ್ದೆ. ಅಜ್ಜಿ ಬಗ್ಗಿ ನೋಡಿ ‘ಹ್ಞೂಂ’ ಎಂದಳು. ನಲವತ್ತು ವರ್ಷದಲ್ಲಿ ನಾನು ಕೇಳದ ಹ್ಞೂಂ ಅದು. ಅಷ್ಟರಲ್ಲಿ ಇವರು ಉಸಿರು ಹಿಂದಕ್ಕೆ ಬಂದ ಹುರುಪಿನಲ್ಲಿ ‘ಕೊಡು ಇಲ್ಲಿ, ಅದೇನು ಬ್ರಹ್ಮವಿದ್ಯೆ’ ಎಂದು ಕಸಿದುಕೊಂಡರು. ಐದು ನಿಮಿಷದ ಮೇಲೆ ನೆಲದಲ್ಲಿ ದಪ್ಪ ದಪ್ಪ ಹೋಳುಗಳಿದ್ದವು, ಇವರ ಕೈಯಲ್ಲಿ ಅಡಿಕೆಯಷ್ಟು ಆಲೂಗಡ್ಡೆ.

ಅಜ್ಜಿ ಅಡಿಕೆಯನ್ನು ನೋಡಿದಳು, ಇವರನ್ನು ನೋಡಿದಳು, ಏನೋ ಹೇಳಿದಳು. ಅಂಗಳದಲ್ಲಿದ್ದವರೆಲ್ಲ ನಕ್ಕರು. ಏನಂದರು ಅಂತ ಇವರು ಕೇಳಿದರು.

‘ಇವರನ್ನು ಕುದುರೆ ಮೇಲೆ ಕೂರಿಸಿ ಅಂತಿದಾರೆ’ ಅಂದಳು ಗೈಡ್.

ಆಗಲೇ ಕುದುರೆ ಕಟ್ಟೆಯ ಪಕ್ಕಕ್ಕೆ ಬಂದು, ಹತ್ತಲು ಅನುಕೂಲವಾಗುವ ಹಾಗೆ ಅಡ್ಡ ನಿಂತಿತ್ತು. ಇವರು ಹತ್ತಿದರು.