ಡಯಲ್ ಟೋನ್ ಇಲ್ಲವಂತೆ

1999ರಲ್ಲಿ ನ್ಯೂಜೆರ್ಸಿಯ ಎಡಿಸನ್ ಸುತ್ತಮುತ್ತ ಯಾವ ಅಪಾರ್ಟ್‌ಮೆಂಟಿನ ಬಾಗಿಲು ತಟ್ಟಿದರೂ ಒಬ್ಬ ಸಾಫ್ಟ್‌ವೇರ್ ಇಂಜಿನಿಯರ್ ಸಿಗುತ್ತಿದ್ದ. ಮನೆಯ ಕಂಪ್ಯೂಟರ್ ಕೆಟ್ಟರೆ ಸರಿಮಾಡುವವನು ಮಾತ್ರ ಸಿಗುತ್ತಿರಲಿಲ್ಲ. ನಮ್ಮವರನ್ನೇ ತೆಗೆದುಕೊಳ್ಳಿ. ಹಗಲೆಲ್ಲ ಒಂದು ಇನ್ಶೂರೆನ್ಸ್ ಕಂಪನಿಯ ಕೋಬಾಲ್ ಪ್ರೋಗ್ರಾಮುಗಳೊಳಗೆ ತಲೆ ಹುದುಗಿಸಿ, ಇಸವಿಯನ್ನು ಎರಡೇ ಅಂಕಿಯಲ್ಲಿ ಬರೆದಿಟ್ಟುಹೋದ ಪುಣ್ಯಾತ್ಮರಿಗೆ ಹಿಡಿಶಾಪ ಹಾಕುತ್ತಾ, 99 ಕಳೆದು 00 ಬಂದಾಗ ಕಂಪನಿಯ ಲೆಕ್ಕವೆಲ್ಲ 1900ಕ್ಕೆ ಜಾರಿಹೋಗದಂತೆ ಕಾಯುವುದು ಅವರ ಉದ್ಯೋಗ. ಅಂಥವರು ಸಂಜೆ ಮನೆಗೆ ಬಂದು ವಿಂಡೋಸ್ 95ರ ಮುಂದೆ ಕೂತರೆ, ಮೌಸನ್ನು ಎರಡು ಸಲ ಆಚೀಚೆ ಆಡಿಸಿ, "ಇದು ನನ್ನ ಪ್ಲಾಟ್‌ಫಾರ್ಮ್ ಅಲ್ಲ ಕಣೇ" ಎಂದು ಎದ್ದುಬಿಡುತ್ತಿದ್ದರು.

ನಾನು ಎಚ್-4 ವೀಸಾದವಳು. ಸಂಬಳ ಬರುವ ಯಾವ ಕೆಲಸವನ್ನೂ ಮಾಡಕೂಡದು ಅಂತ ಆಗ ಅಮೆರಿಕ ಸರ್ಕಾರದ ಕಟ್ಟಪ್ಪಣೆಯಿತ್ತು. ಸಂಬಳವಿಲ್ಲದ ಕೆಲಸಕ್ಕೆ ಅವರ ಅಭ್ಯಂತರವೇನೂ ಇರಲಿಲ್ಲ. ಹೀಗಾಗಿ ಅಡುಗೆಮನೆಯ ಜೊತೆಗೆ ಕಂಪ್ಯೂಟರ್ ಖಾತೆಯೂ ನನಗೇ ಬಂತು.

ಇಂಟರ್‌ನೆಟ್ ಕಂಪನಿ ಬದಲಾಯಿಸೋಣ ಎಂಬ ವಿಚಾರ ಹುಟ್ಟಿದ್ದು ಕನ್ನಡ ಕೂಟದ ದೀಪಾವಳಿ ನಾಟಕದ ರಿಹರ್ಸಲ್‌ನಲ್ಲಿ. ನಮ್ಮ ಜನ ಹಲ್ಲಿನ ಡಾಕ್ಟರು, ಕಾರಿನ ಮೆಕ್ಯಾನಿಕ್ಕು, ಸೋನಾ ಮಸೂರಿ ಅಕ್ಕಿಯ ಅಂಗಡಿ ಎಲ್ಲವನ್ನೂ ಗೊತ್ತುಮಾಡಿಕೊಳ್ಳುವುದು ಅಲ್ಲೇ. ಆ ಸಂಜೆ ದುಶ್ಶಾಸನನ ಪಾತ್ರದವರು, "ನೀವಿನ್ನೂ ತಿಂಗಳಿಗೆ 19.95 ಡಾಲರ್ ಕೊಡ್ತಿದ್ದೀರಾ? ನಮ್ಮದು 9.95!" ಅಂದರು. ಆ ರಾತ್ರಿ ನಮ್ಮವರಿಗೆ ನಿದ್ದೆ ಬರಲಿಲ್ಲ. ಹತ್ತು ಡಾಲರ್ ಅಂದರೆ ಆಗಿನ ಲೆಕ್ಕದಲ್ಲಿ ನಾನೂರು ರೂಪಾಯಿಯ ಮೇಲೆ. ಅಮೆರಿಕಕ್ಕೆ ಬಂದ ಹೊಸತರಲ್ಲಿ ಗುಣಾಕಾರ ಮಾಡದೆ ಯಾವ ಕನ್ನಡಿಗನೂ ಒಂದು ಕಟ್ಟು ಕೊತ್ತಂಬರಿ ಸೊಪ್ಪನ್ನೂ ಕೊಂಡಿಲ್ಲ.

ಹೊಸ ಕಂಪನಿಯ ಸಿ.ಡಿ. ಅಂಚೆಯಲ್ಲಿ ಬಂತು. ಒಳಗೆ ಹಾಕಿದರೆ, ನಿಮ್ಮ ವಿಂಡೋಸ್ ಹಳೆಯದು, ನಿಮ್ಮ ಮೆಮೊರಿ ಸಾಲದು ಎಂದು ಹೇಳಿ ಹೊರಗೆ ಬಂತು. ನಮ್ಮದು, ಕ್ಯಾಲಿಫೋರ್ನಿಯಕ್ಕೆ ವರ್ಗವಾಗಿ ಹೋದ ಸಹೋದ್ಯೋಗಿಯೊಬ್ಬರು ಸೋಫಾದ ಜೊತೆಯಲ್ಲಿ ಮಾರಿಹೋದ ಕಂಪ್ಯೂಟರ್, ಹದಿನಾರು ಎಂ.ಬಿ. ಮೆಮೊರಿ. ಸಿ.ಡಿ. ಕೈಕೊಟ್ಟ ಮೇಲೆ ಎಲ್ಲವನ್ನೂ ಕೈಯಾರೆ ತುಂಬಬೇಕು. ಅದಕ್ಕೊಂದು ಸಹಾಯವಾಣಿ ಇದೆ, ಫೋನ್ ಮಾಡಿ ಅಂದರು.

ಫೋನ್ ಮಾಡುವುದೇನೋ ಸರಿ. ಮನೆಗಿರುವುದು ಒಂದೇ ಲೈನು. ಸಹಾಯವಾಣಿಯವನ ಜೊತೆ ಮಾತಾಡುತ್ತಿದ್ದರೆ ಮೋಡೆಮ್ ಡಯಲ್ ಮಾಡುವ ಹಾಗಿಲ್ಲ. ಮೋಡೆಮ್ ಡಯಲ್ ಮಾಡಿ ಸೋತದ್ದನ್ನು ಅವನಿಗೆ ಹೇಳಬೇಕೆಂದರೆ ಮತ್ತೆ ಸಾಲಿನ ಕೊನೆಗೆ ಹೋಗಿ ನಿಲ್ಲಬೇಕು. ಹೊಸ ಹುಡುಗ ಬಂದಾಗಲೆಲ್ಲ ಮೊದಲಿಂದ ಕಥೆ ಹೇಳಬೇಕು. ನಮ್ಮ ಹೆಸರಿನ ಸ್ಪೆಲಿಂಗ್‌ನಿಂದ ಶುರು.

ಅವರು ಹೇಳಿದ್ದನ್ನು ಬರೆದುಕೊಳ್ಳಲು ಆ ಕ್ಷಣಕ್ಕೆ ಕೈಗೆ ಸಿಕ್ಕಿದ್ದು ಅತ್ತೆ ಊರಿಂದ ತಂದಿದ್ದ ಒಂಟಿಕೊಪ್ಪಲ್ ಪಂಚಾಂಗ. ಅತ್ತೆ-ಮಾವ ಆರು ತಿಂಗಳಿಗೆಂದು ಬಂದಿದ್ದರು. ಟಿ.ಸಿ.ಪಿ.ಐ.ಪಿ. ಒಂದಕ್ಕೆ ಟಿಕ್ ಇರಲಿ, ನೆಟ್‌ಬ್ಯೂಯಿ ತೆಗೆಯಿರಿ, ಐ.ಪಿ.ಎಕ್ಸ್. ತೆಗೆಯಿರಿ, 'ಲಾಗ್ ಆನ್ ಟು ನೆಟ್‌ವರ್ಕ್' ತೆಗೆಯಿರಿ, ಡಿ.ಎನ್.ಎಸ್. ನಂಬರುಗಳನ್ನು ಹೀಗೆ ಹಾಕಿ. ನಾಲ್ಕು ನಾಲ್ಕು ಅಂಕಿಗುಂಪು, ನಡುವೆ ಚುಕ್ಕಿ. ಎಲ್ಲವನ್ನೂ ಕಾರ್ತಿಕ ಮಾಸದ ಪುಟದ ಅಂಚಿನಲ್ಲಿ ಗೀಚಿದೆ. ಮರುದಿನ ಅತ್ತೆ ಕನ್ನಡಕ ಹಾಕಿಕೊಂಡು ಏಕಾದಶಿ ಹುಡುಕುತ್ತಾ, "ಇದ್ಯಾವ ಮುಹೂರ್ತನೇ, ಇನ್ನೂರ ಐದಕ್ಕೆ ಶುರುವಾಗಿ ಇನ್ನೂರ ಐವತ್ತಕ್ಕೆ ಮುಗಿಯುತ್ತೆ?" ಅಂದರು. ಅಮೆರಿಕದ್ದು ಅತ್ತೆ, ಅಂದೆ. ಗಡಿಯಾರವೇ ಹತ್ತೂವರೆ ಗಂಟೆ ಹಿಂದೆ ಬೀಳುವ ದೇಶದಲ್ಲಿ ಏನು ಬೇಕಾದರೂ ಇರಬಹುದು ಎಂದು ಅವರು ಒಪ್ಪಿಕೊಂಡರು.

ನಿಜವಾದ ತೊಂದರೆ ಶುರುವಾದದ್ದು ಅಕ್ಕನಿಂದ. ಅಕ್ಕ ಇರುವುದು ಕ್ಯಾಲಿಫೋರ್ನಿಯದ ಫ್ರೀಮಾಂಟಿನಲ್ಲಿ, ನಮಗಿಂತ ಮೂರು ಗಂಟೆ ಹಿಂದೆ. ಅವಳ ಅಡುಗೆ ಮುಗಿಯುವ ಹೊತ್ತಿಗೆ ನಮ್ಮದು ಮಲಗುವ ಹೊತ್ತು. ಇಂಟರ್‌ನೆಟ್ಟಿಗೂ ಅದೇ ಹೊತ್ತು. ಹಳೆಯ ಕಂಪನಿಯ ಕಾಲದಲ್ಲಿ ಅವಳ ಫೋನ್ ಬಂದರೆ ಕಾಲ್ ವೇಟಿಂಗಿನ 'ಬೀಪ್' ಲೈನಿನೊಳಗೆ ನುಗ್ಗಿ, ಮಾವ ಓದುತ್ತಿದ್ದ ಡೆಕ್ಕನ್ ಹೆರಾಲ್ಡ್ ಅರ್ಧಕ್ಕೆ ನಿಂತುಹೋಗುತ್ತಿತ್ತು. ಹೊಸ ಸಹಾಯವಾಣಿಯ ಹುಡುಗ ಇದಕ್ಕೊಂದು ಉಪಾಯ ಹೇಳಿಕೊಟ್ಟ. ನಂಬರಿಗೆ ಮುಂಚೆ ಸ್ಟಾರ್ 70 ಒತ್ತಿಸಿ, ಒಂದು ಅಲ್ಪವಿರಾಮ ಹಾಕಿ. ಸ್ಟಾರ್ 70 ಆ ಒಂದು ಕರೆಯ ಮಟ್ಟಿಗೆ ಕಾಲ್ ವೇಟಿಂಗನ್ನು ಬಂದ್ ಮಾಡುತ್ತದೆ. ಅಲ್ಪವಿರಾಮ ಬಂದಲ್ಲಿ ಮೋಡೆಮ್ ಎರಡು ಸೆಕೆಂಡ್ ಉಸಿರು ತೆಗೆದುಕೊಳ್ಳುತ್ತದೆ. ಹೈಸ್ಕೂಲಿನ ಕನ್ನಡ ಮೇಷ್ಟ್ರು ಗಂಟಲು ಹರಿದುಕೊಂಡು ಹೇಳಿದರೂ ನಾವು ನಿಲ್ಲದಿದ್ದ ಜಾಗದಲ್ಲಿ ಈ ಯಂತ್ರ ನಿಲ್ಲುತ್ತದಲ್ಲ ಅಂತ ನನಗೆ ಅಭಿಮಾನವೇ ಹುಟ್ಟಿತು.

ಉಪಾಯ ಫಲಿಸಿತು. ಫಲ ಹೀಗಾಯಿತು: ಅಕ್ಕ ಫೋನ್ ಮಾಡಿದಳು, ಎಂಗೇಜ್. ಕರೆ ಫೋನ್ ಕಂಪನಿಯ ವಾಯ್ಸ್‌ಮೇಲಿಗೆ ಹೋಯಿತು. ಅವಳು ದೀರ್ಘವಾದ ಒಂದು ಮೆಸೇಜು ಬಿಟ್ಟಳು. ಎಲ್ಲ ಕ್ಷೇಮ ತಾನೇ, ಇಷ್ಟು ಹೊತ್ತಿನಲ್ಲಿ ಯಾರ ಹತ್ತಿರ ಮಾತಾಡ್ತಿದ್ದೀ, ಮಾವನೋರ ಬಿ.ಪಿ. ಹೇಗಿದೆ. ವಾಯ್ಸ್‌ಮೇಲಿನಲ್ಲಿ ಕೇಳದ ಮೆಸೇಜು ಇದ್ದರೆ ಅದನ್ನು ತಿಳಿಸಲೆಂದು ಡಯಲ್ ಟೋನೇ ಮೊದಲು ತುಸು ತೊದಲುತ್ತದೆ, 'ಟುಟ್ ಟುಟ್ ಟುಟ್' ಅಂತ. ಮನುಷ್ಯರ ಕಿವಿಗೆ ಅದು ಸೂಚನೆ. ಹಳೆಯ ಮೋಡೆಮ್ಮಿಗೆ ಗೊತ್ತಿರುವುದು ಒಂದೇ ಉದ್ದದ ಟೋನು. ತೊದಲುವುದನ್ನು ಅದು ಟೋನೆಂದೇ ಒಪ್ಪುವುದಿಲ್ಲ. ಲೈನ್ ಒಮ್ಮೆ ಕಡಿದು ಮತ್ತೆ ಡಯಲ್ ಮಾಡಲು ಹೋದರೆ ಪರದೆಯ ಮೇಲೆ ಎರರ್ 680: ಡಯಲ್ ಟೋನ್ ಇಲ್ಲ.

"ಮೋಡೆಮ್ ಹೋಯ್ತು" ಎಂದರು ನಮ್ಮವರು, ಡಾಕ್ಟರು ಸ್ಟೆತಾಸ್ಕೋಪ್ ತೆಗೆದ ಗಾಂಭೀರ್ಯದಲ್ಲಿ.

"ರೀ, ಫೋನ್ ಎತ್ತಿ ಒಂದ್ಸಲ ಕೇಳಿ ನೋಡೋಣ..."

"ನನಗೆ ಹೇಳ್ಕೊಡಬೇಡ. ಇಪ್ಪತ್ತು ವರ್ಷದ ಹಿಂದಿನ ಕೋಡ್ ಓದೋನು ನಾನು."

ಅಂಗಡಿಗೆ ಹೋಗಿ ಹೊಸ 56ಕೆ ಮೋಡೆಮ್ ತಂದರು. ಡಬ್ಬದ ಮೇಲೆ ದಪ್ಪಕ್ಷರದಲ್ಲಿ 56. ಟೆಲಿಫೋನ್ ತಂತಿಯಲ್ಲಿ ಎಷ್ಟು ಶಕ್ತಿ ಹರಿಸಬಹುದು ಎಂಬುದಕ್ಕೆ ಆ ದೇಶದ ಸಂಪರ್ಕ ಆಯೋಗ ಹಾಕಿದ ಮಿತಿಯಿಂದಾಗಿ ಅಲ್ಲಿ 53ರ ಮೇಲೆ ಹೋಗುವ ಹಾಗೇ ಇಲ್ಲ ಎಂದು ಒಳಗಿನ ಕಾಗದದಲ್ಲಿ ಇರುವೆಯಕ್ಷರದಲ್ಲಿ ಬರೆದಿತ್ತು. ನಮ್ಮ ಅಪಾರ್ಟ್‌ಮೆಂಟಿನ ತಂತಿ ಕೊನೆಗೆ ದಯಪಾಲಿಸಿದ್ದು 28. ಅದೂ ಆಮೇಲಿನ ಮಾತು. ಮೊದಲ ಸಲ ಡಯಲ್ ಮಾಡಿದಾಗ ಹೊಸ ಮೋಡೆಮ್ಮೂ ಹೇಳಿದ್ದು ಅದೇ: ಡಯಲ್ ಟೋನ್ ಇಲ್ಲ.

ಅವರು ಸ್ನಾನಕ್ಕೆ ಹೋದಾಗ ನಾನು ಫೋನೆತ್ತಿ ತೊದಲು ಕೇಳಿಸಿಕೊಂಡೆ, ಅಕ್ಕನ ಮೆಸೇಜನ್ನು ಪೂರ್ತಿ ಕೇಳಿ ಅಳಿಸಿದೆ, ಡಯಲ್ ಒತ್ತಿದೆ. ಮೋಡೆಮ್ ಕಿರಿಚಿ, ಕೆಮ್ಮಿ, ಗಂಟಲು ಸರಿಮಾಡಿಕೊಂಡು ಸೇರಿಕೊಂಡಿತು. ಮುಂದೆ ತೊಂದರೆಯಾಗದಿರಲಿ ಎಂದು ಮೋಡೆಮ್ಮಿನ ಹೆಚ್ಚುವರಿ ಸೆಟ್ಟಿಂಗಿನಲ್ಲಿ ಎಕ್ಸ್3 ಎಂದು ಬರೆದೆ. ಟೋನಿಗೆ ಕಾಯದೆ ನೇರ ಡಯಲ್ ಮಾಡು ಎಂದು ಅದಕ್ಕೆ ಅರ್ಥ. ತಲೆ ಒರೆಸಿಕೊಳ್ಳುತ್ತಾ ಬಂದ ನಮ್ಮವರು, "ನೋಡಿದ್ಯಾ, ಹೊಸ ಮೋಡೆಮ್ ಸೆಟ್ ಆಗೋಕೆ ಸ್ವಲ್ಪ ಹೊತ್ತು ಬೇಕು" ಅಂದರು. ಸಂಸಾರದಲ್ಲಿ ಕೆಲವು ಸೆಟ್ಟಿಂಗುಗಳನ್ನು ಮುಟ್ಟದೆ ಬಿಡುವುದೇ ಲೇಸು.

ಅಷ್ಟರಲ್ಲಿ ಅಕ್ಕ ಬೆಂಗಳೂರಿಗೆ ಫೋನ್ ಮಾಡಿ, "ಅವಳ ಫೋನು ಮೂರು ಹೊತ್ತೂ ಎಂಗೇಜು, ಅತ್ತೆ-ಮಾವ ಇದ್ದಾರಲ್ಲ, ಏನೋ ಮಾತಿಗೆ ಮಾತು ಬೆಳೆದಿರಬೇಕು" ಎಂದು ಅಮ್ಮನಿಗೆ ಹೇಳಿಯಾಗಿತ್ತು. ಅಮ್ಮ ಬೆಳಗಿನ ಜಾವ ಫೋನ್ ಮಾಡಿ, ಪಿಸುಗುಟ್ಟುವ ದನಿಯಲ್ಲಿ, "ಹೊಂದ್ಕೊಂಡು ಹೋಗೇ" ಅಂದಳು.

ಇನ್ನು ಈಮೇಲ್. ನಾವು ಬಳಸುತ್ತಿದ್ದದ್ದು ಪುಕ್ಕಟೆ ಸಿಗುತ್ತಿದ್ದ ಯೂಡೋರಾ ಲೈಟ್. ಇಲಿನಾಯ್ ವಿಶ್ವವಿದ್ಯಾಲಯದಲ್ಲಿದ್ದ ಸ್ಟೀವ್ ಡಾರ್ನರ್ 1988ರಲ್ಲಿ ಇದನ್ನು ಬರೆದವರು. ಇಟ್ಟದ್ದು ಅಮೆರಿಕದ ಲೇಖಕಿ ಯೂಡೋರಾ ವೆಲ್ಟಿಯ ಹೆಸರನ್ನು. ಮನೆಯವರ ಜೊತೆ ಜಗಳವಾಡಿಕೊಂಡು ಪೋಸ್ಟಾಫೀಸಿಗೇ ಹೋಗಿ ವಾಸಮಾಡುವ ಹೆಣ್ಣೊಬ್ಬಳ ಕಥೆಯನ್ನು ಆಕೆ ಬರೆದಿದ್ದಾರೆ. ಇದನ್ನು ಮಾವನಿಗೆ ಹೇಳಿದೆ. ಮಾವ ಹಾಸನ ಜಿಲ್ಲೆಯ ಊರೂರಲ್ಲಿ ಪೋಸ್ಟ್‌ಮಾಸ್ಟರ್ ಆಗಿದ್ದು ನಿವೃತ್ತರಾದವರು.

"ಅದರಲ್ಲೇನಮ್ಮ ಕಥೆ? ನಾನು ಸರ್ವೀಸು ಪೂರ್ತಿ ಅಲ್ಲೇ ಇದ್ದೆ" ಅಂದರು.

"ಜಗಳ ಆಡ್ದೇ ಇದ್ರೂ ಅಲ್ಲೇ ಇರ್ತಿದ್ರು" ಅಂದರು ಅತ್ತೆ. ಇವರ ಕ್ವಾರ್ಟರ್ಸ್ ಇರುತ್ತಿದ್ದದ್ದೂ ಪೋಸ್ಟಾಫೀಸಿನ ಹಿಂದೆಯೇ. ಊಟಕ್ಕೆ ಕರೆಯಲು ಅತ್ತೆ ಗೋಡೆ ಬಡಿಯಬೇಕಿತ್ತಂತೆ.

ಹಳೆಯ ಕಂಪನಿಯ ಅಂಚೆಪೆಟ್ಟಿಗೆ ತಿಂಗಳ ಕೊನೆಯವರೆಗೂ ನಮ್ಮದೇ. ಹೊಸ ಲೈನಿನಿಂದಲೇ ಅದರೊಳಗಿನ ಪತ್ರಗಳನ್ನು ತರಿಸಿಕೊಳ್ಳಬಹುದು. ತರಿಸಿದೆವು, ಬಂದವು. ಉತ್ತರ ಬರೆದು ಕಳಿಸಿದರೆ ಮಾತ್ರ ಎರರ್ 550, ರವಾನೆ ನಿರಾಕರಿಸಲಾಗಿದೆ. ಬರುವ ಅಂಚೆಗೆ ಪಾಪ್ ಎಂಬ ಸರ್ವರು, ಹೋಗುವ ಅಂಚೆಗೆ ಎಸ್.ಎಂ.ಟಿ.ಪಿ. ಎಂಬ ಬೇರೊಂದು. ಪಾಪ್ ಪಾಸ್‌ವರ್ಡ್ ಕೇಳಿ ಎಲ್ಲಿಂದ ಬಂದರೂ ಪತ್ರ ಕೊಡುತ್ತದೆ. ಎಸ್.ಎಂ.ಟಿ.ಪಿ. ಪಾಸ್‌ವರ್ಡ್ ಕೇಳುತ್ತಿರಲಿಲ್ಲ, ನೀವು ಯಾರ ಲೈನಿನಿಂದ ಬಂದಿದ್ದೀರಿ ಎಂದಷ್ಟೇ ನೋಡುತ್ತಿತ್ತು. ಮೊದಲೆಲ್ಲ ಯಾರ ಪತ್ರವನ್ನಾದರೂ ಯಾವ ಸರ್ವರಾದರೂ ಮುಂದಕ್ಕೆ ಸಾಗಿಸುತ್ತಿತ್ತಂತೆ. ಆ ಧಾರಾಳತನವನ್ನು ಕಸದ ಜಾಹೀರಾತಿನವರು ಕೊಳ್ಳೆಹೊಡೆದದ್ದರಿಂದ ತೊಂಬತ್ತರ ದಶಕದ ಕೊನೆಗೆ ಒಬ್ಬೊಬ್ಬರಾಗಿ ಬಾಗಿಲು ಹಾಕಿಕೊಂಡರು.

ಹೋಗುವ ಅಂಚೆಯ ಜಾಗದಲ್ಲಿ ಹೊಸ ಕಂಪನಿಯ ಹೆಸರು ಬರೆದರೆ ಮುಗಿಯಿತು, ಒಂದೇ ಸಾಲಿನ ಕೆಲಸ. ಮಾಡಿದೆ. ಆದರೆ ಮಾವನಿಗೆ ಸಮಾಧಾನವಾಗಲಿಲ್ಲ.

"ಅಂದ್ರೆ, ಬೇರೆ ಊರಿನೋನು ತಂದು ಹಾಕಿದ ಅಂತ ಕಾಗದ ವಾಪಸ್ ಕೊಡ್ತಾರಾ?"

"ಹೌದು ಮಾವ."

"ಯಾವ ಊರಿನ ಡಬ್ಬಿಗೆ ಬಿದ್ರೂ ಕಾಗದ ಹೋಗಲೇಬೇಕು. ಸ್ಟಾಂಪು ಹಚ್ಚದೇ ಇದ್ರೆ ಬೇರಿಂಗ್ ಮಾಡಿ ಕಳಿಸ್ತೀವಿ, ಎರಡರಷ್ಟು ದುಡ್ಡು ತಗೊಳ್ಳೋನ ಹತ್ರ ವಸೂಲಿ ಮಾಡ್ತೀವಿ. ವಿಳಾಸ ಸಿಗ್ಲಿಲ್ವೋ, ಬರೆದೋನಿಗೆ ಹಿಂದಕ್ಕೆ ಮುಟ್ಟಿಸೋದಕ್ಕೇ ಒಂದು ಆಫೀಸ್ ಇಟ್ಟಿದ್ದೀವಿ. ತಗೊಳ್ಳಲ್ಲ ಅನ್ನೋ ಪೋಸ್ಟಾಫೀಸನ್ನ ನಾನು ನೋಡೇ ಇಲ್ಲ."

ವಿಳಾಸ ಬದಲಾದದ್ದನ್ನು ನೆಂಟರಿಷ್ಟರಿಗೆಲ್ಲ ತಿಳಿಸಿ ನಮ್ಮವರು ಒಂದು ಪತ್ರ ಬರೆದರು, ಎಲ್ಲರ ಹೆಸರೂ ಎಲ್ಲರಿಗೂ ಕಾಣುವ ಹಾಗೆ. ತುಮಕೂರಿನ ಚಿಕ್ಕಪ್ಪ ಎಲ್ಲರಿಗೂ ಉತ್ತರಿಸಿ, ಮಗನಿಗೆ ಹೆಣ್ಣು ನೋಡುತ್ತಿರುವ ವಿಷಯ ತಿಳಿಸಿದರು. ನಮ್ಮವರ ಮ್ಯಾನೇಜರೂ ಆ ಪಟ್ಟಿಯಲ್ಲಿದ್ದ. ಅವನೂ ಎಲ್ಲರಿಗೂ ಉತ್ತರಿಸಿ ಶುಭ ಕೋರಿದ. ಫ್ರೀಮಾಂಟಿನ ನಮ್ಮ ಭಾವ, "ಹಾಟ್‌ಮೇಲ್ ಮಾಡ್ಕೊಳ್ಳಿ, ಕಂಪನಿ ಬದಲಾದ್ರೂ ಅಡ್ರೆಸ್ ಬದಲಾಗಲ್ಲ. ಅದನ್ನ ಶುರು ಮಾಡಿದ ಸಬೀರ್ ಭಾಟಿಯಾ ಬೆಂಗಳೂರಲ್ಲಿ ಓದಿದೋನು" ಎಂದು ಬರೆದರು. ಸಲಹೆ ಚೆನ್ನಾಗಿಯೇ ಇತ್ತು. ಅದು ಭಾವನಿಂದ ಬಂದದ್ದರಿಂದ ನಮ್ಮವರು ಒಪ್ಪಲಿಲ್ಲ.

ಎರಡು ಪತ್ರಗಳು ಮಾತ್ರ ವಿಳಾಸದಾರರಿಲ್ಲವೆಂದು ಹಿಂದಿರುಗಿದವು. ಕೆಳಗೆ, ಹೆಚ್ಚಿನ ವಿವರಕ್ಕೆ ಪೋಸ್ಟ್‌ಮಾಸ್ಟರ್ ಅವರನ್ನು ಸಂಪರ್ಕಿಸಿ ಎಂದಿತ್ತು. ಮಾವ ಕುರ್ಚಿ ಎಳೆದುಕೊಂಡರು.

"ಇಲ್ಲೂ ಪೋಸ್ಟ್‌ಮಾಸ್ಟರ್ ಇದ್ದಾನಾ?"

ಇರಲೇಬೇಕು. ಈಮೇಲ್ ನಡೆಸುವ ಪ್ರತಿಯೊಂದು ಸಂಸ್ಥೆಯಲ್ಲೂ ಆ ಹೆಸರಿನ ಒಂದು ವಿಳಾಸ ಇರತಕ್ಕದ್ದು ಎಂದು 1982ರ ನಿಯಮಾವಳಿಯಲ್ಲೇ ಬರೆದಿದೆ. ಇದನ್ನು ನಾನು ಬಾಯಿಬಿಟ್ಟು ಹೇಳಿದ್ದೇ ತಡ, ಹಳೆಯ ಕಂಪನಿಯ ಪೋಸ್ಟ್‌ಮಾಸ್ಟರಿಗೆ ಮಾವ ಪತ್ರ ಶುರುಮಾಡಿದರು. ಒಂದೊಂದೇ ಕೀಲಿ ಹುಡುಕಿ, ಇಲಾಖೆಯ ಇಂಗ್ಲಿಷಿನಲ್ಲಿ: ತಾನು ಇಂಥಿಂಥ ಕಡೆ ಸೇವೆ ಸಲ್ಲಿಸಿದವನು, ವೃತ್ತಿಬಾಂಧವರಾದ ತಮ್ಮಲ್ಲಿ ವಿನಂತಿ, ಸಾರ್ವಜನಿಕರ ಪತ್ರ ನಿರಾಕರಿಸಿದ ತಮ್ಮ ಸಿಬ್ಬಂದಿಯಿಂದ ವಿವರಣೆ ಪಡೆಯತಕ್ಕದ್ದು.

ಉತ್ತರ ತಕ್ಷಣ ಬಂತು. ನಿಮ್ಮ ಪತ್ರ ತಲುಪಿದೆ, ನಿಮ್ಮ ಟಿಕೆಟ್ ನಂಬರ್ ಇಷ್ಟು. ಯಂತ್ರ ತಾನೇ ಕಳಿಸಿದ್ದು ಅದು. ಮಾವ ಪುಳಕಗೊಂಡರು. "ಸ್ವೀಕೃತಿ ರಸೀದಿ ನೋಡಮ್ಮ, ರಿಜಿಸ್ಟರ್ ನಂಬರ್ ಸಮೇತ!" ವಾರವಾದರೂ ವಿವರಣೆ ಬರಲಿಲ್ಲ. ಅವರು ಜ್ಞಾಪನಾ ಪತ್ರ ಬರೆದರು. ಅದಕ್ಕೂ ಒಂದು ನಂಬರು ಬಂತು. ಪಂಚಾಂಗದ ಹಿಂದಿನ ಖಾಲಿ ಹಾಳೆಯಲ್ಲಿ ನಂಬರು, ತಾರೀಕು, ವಿಷಯ ಎಂದು ಗೆರೆ ಹಾಕಿಕೊಂಡು ಒಂದು ರಿಜಿಸ್ಟರನ್ನೇ ತೆರೆದರು. ತಿಂಗಳ ಕೊನೆ ಬಂತು. ಹಳೆಯ ಅಕೌಂಟ್ ಮುಚ್ಚಲು ಹೊರಟ ನಮ್ಮವರನ್ನು ಮಾವ ತಡೆದರು. ವ್ಯವಹಾರ ಇತ್ಯರ್ಥವಾಗಿಲ್ಲ, ಉತ್ತರ ಆ ವಿಳಾಸಕ್ಕೇ ಬರಬೇಕಲ್ಲವೇ? ಜೊತೆಗೆ ಅರ್ಧ ನೆಂಟರು ಇನ್ನೂ ಅಲ್ಲಿಗೇ ಬರೆಯುತ್ತಿದ್ದರು. ಹಾಗಾಗಿ ನಾವು ತಿಂಗಳಿಗೆ 19.95 ಮತ್ತು 9.95 ಎರಡನ್ನೂ ಕಟ್ಟತೊಡಗಿದೆವು. ಇದನ್ನು ದುಶ್ಶಾಸನರಿಗೆ ಹೇಳಲಿಲ್ಲ.

ರಾತ್ರಿ ಒಂಬತ್ತಾದರೆ ಮಾವ ಮೋಡೆಮ್ ಮುಂದೆ ಹಾಜರು. ಸ್ಟಾರ್ 70, ಅಲ್ಪವಿರಾಮ, ಕಿರಿಚಾಟ. ಅನ್ನ ಬಡಿಸಿ ಎರಡು ಸಲ ಕೂಗಿದರೂ, "ಒಂದು ನಿಮಿಷ, ಟಪಾಲು ಇಳೀತಾ ಇದೆ" ಎಂಬ ಉತ್ತರ.

ಅತ್ತೆ ಸಾರಿನ ಸೌಟು ಹಿಡಿದುಕೊಂಡು ಎದ್ದುಹೋಗಿ, ಅಡುಗೆಮನೆಯ ಗೋಡೆಯನ್ನು ದಬದಬ ಬಡಿದರು.