ಕೃತಿಚೌರ್ಯ ಮೀಮಾಂಸೆ: ಕಂಪ್ಲಿ ತಾಲ್ಲೂಕಿನ ಎಮ್ಮಿಗನೂರನ್ನು ಅನುಲಕ್ಷಿಸಿ

ಕೃತಿಚೌರ್ಯದ ಬಹುಶಿಸ್ತೀಯ, ಬಹುಪುಟೀಯ ಆಯಾಮಗಳನ್ನು ಪರಿಕಲ್ಪನಾತ್ಮಕ ನೆಲೆಯಲ್ಲಿ ಮುಖಾಮುಖಿಯಾಗಿಸುವುದು ಪ್ರಸ್ತುತ ಪ್ರಬಂಧದ ಉದ್ದೇಶ. ಪ್ರಾಕ್ಕಲ್ಪನೆ: ಸಿಕ್ಕಿಬಿದ್ದವನು ಕಳ್ಳ, ಬೀಳದವನು ಸಹಪ್ರಾಧ್ಯಾಪಕ.

ಶಾಸ್ತ್ರಾಧಾರ: ಯುಜಿಸಿಯ 2018ರ ಕೃತಿಚೌರ್ಯ ತಡೆ ನಿಯಮಾವಳಿ. ಅದರ ಪ್ರಕಾರ ಶೇ. 10ರವರೆಗಿನ ಹೋಲಿಕೆಗೆ ದಂಡವಿಲ್ಲ. ಇದನ್ನು ‘ಪ್ರಸಾದ’ ಎನ್ನೋಣ. ಪಿಎಚ್.ಡಿ. ಪ್ರಬಂಧದಲ್ಲಿ ಶೇ. 40ರವರೆಗೆ ಕದ್ದರೆ ಆರು ತಿಂಗಳೊಳಗೆ ತಿದ್ದಿ ಕೊಡಬೇಕು. 60ರವರೆಗೆ ಒಂದು ವರ್ಷದ ವನವಾಸ. ಅದನ್ನೂ ಮೀರಿದರೆ ನೋಂದಣಿಯೇ ರದ್ದು. ಪತ್ರಿಕೆಯ ಲೇಖನದಲ್ಲಿ 60 ಮೀರಿದ ಮೇಷ್ಟ್ರಿಗೆ ಎರಡು ವಾರ್ಷಿಕ ವೇತನ ಬಡ್ತಿ ಖೋತಾ, ಮೂರು ವರ್ಷ ಹೊಸ ವಿದ್ಯಾರ್ಥಿಗಳ ಮಾರ್ಗದರ್ಶನ ಬಂದ್. ಸಾಲಾಗಿ 14 ಪದ ಕಾಕತಾಳೀಯವಾಗಿ ಹೊಂದಿದರೆ ಲೆಕ್ಕಕ್ಕಿಲ್ಲ. ಆದ್ದರಿಂದ ಪ್ರತಿಭಾವಂತ ಸಂಶೋಧಕ ಹದಿನೈದನೆಯ ಪದವನ್ನು ಸ್ವಂತ ಬುದ್ಧಿಯಿಂದ ಬರೆಯುತ್ತಾನೆ. ಆ ಪದ ಸಾಮಾನ್ಯವಾಗಿ ‘ಹಾಗೂ’.

ಇನ್ನು ವರ್ಗೀಕರಣ.

1. ಲಿಪ್ಯಾಶ್ರಿತ ಚೌರ್ಯ: ಯೂನಿಕೋಡ್ ಅಲ್ಲದ ಹಳೆಯ ಫಾಂಟಿನ ಕನ್ನಡ, ಹೋಲಿಕೆ ಹುಡುಕುವ ತಂತ್ರಾಂಶದ ಕಣ್ಣಿಗೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ರಾಶಿ. ಆ ರಾಶಿಯಡಿ ಇಡೀ ಪುಸ್ತಕವನ್ನೇ ಹೂತಿಡಬಹುದು.

2. ಸೀವೆಲ್ಲೀಯ ಚೌರ್ಯ: ವಿಜಯನಗರದ ಬಗ್ಗೆ ಪೇಸ್, ನೂನಿಜ್ ಬರೆದ ಪೋರ್ಚುಗೀಸ್ ಬರಹಗಳನ್ನು ಡೇವಿಡ್ ಲೋಪೆಸ್ 1897ರಲ್ಲಿ ಲಿಸ್ಬನ್ನಿನಲ್ಲಿ ಅಚ್ಚು ಹಾಕಿಸಿದರು. ರಾಬರ್ಟ್ ಸೀವೆಲ್ 1900ರಲ್ಲಿ ಅವನ್ನು ಇಂಗ್ಲಿಷಿಗೆ ತಂದಾಗ ಲೋಪೆಸ್ ಹೆಸರನ್ನು ಮರೆಯಲಿಲ್ಲ. ಸೀವೆಲ್ಲನ ಕನ್ನಡ ಅನುವಾದವನ್ನು ಭಟ್ಟಿ ಇಳಿಸುವ ನಮ್ಮವರು ಮಾತ್ರ “ಪೇಸ್ ಹೇಳುವಂತೆ” ಎಂದು ನೇರ ಲಿಸ್ಬನ್ನಿನಿಂದ ಇಳಿದವರ ಹಾಗೆ ಶುರುಮಾಡುತ್ತಾರೆ. ಸೀವೆಲ್ಲೂ ಮಾಯ, ಅನುವಾದಕನೂ ಮಾಯ.

3. ಸಾಕು. ಮೂರನೆಯದಕ್ಕೆ ಸಂಸ್ಕೃತದ ಹೆಸರಿಡುವ ಉತ್ಸಾಹ ನನಗಿಲ್ಲ.

ಅದು ಹೀಗೆ: ಸಂಶೋಧಕರು ಎಮ್ಮಿಗನೂರಿನಂಥ ಊರಿಗೆ ‘ಕ್ಷೇತ್ರಕಾರ್ಯ’ಕ್ಕೆ ಬರುತ್ತಾರೆ. ಭತ್ತದ ನಾಟಿ ಮುಗಿಸಿ ಬಂದ ಹೆಣ್ಣುಮಗಳನ್ನು ಕೂರಿಸಿ, “ಯಮ್ಮಾ, ಕುಮಾರರಾಮಂದು ಇನ್ನೊಂದ್ ಪದ ಹಾಡಮ್ಮ” ಎಂದು ಕಂಪ್ಲಿಯ ಆ ರಾಜಕುಮಾರನ ಹಾಡನ್ನು ಹಾಡಿಸಿಕೊಳ್ಳುತ್ತಾರೆ. ಅರ್ಥವನ್ನೂ ಆಕೆಯೇ ಬಿಡಿಸಿ ಹೇಳುತ್ತಾಳೆ. ಲೇಖನ ಅಚ್ಚಾದಾಗ ಹಾಡು ‘ಸಂಗ್ರಹ’, ಆಕೆ ಹೇಳಿದ ಅರ್ಥ ಲೇಖಕನ ‘ಒಳನೋಟ’, ಆಕೆ ‘ವಕ್ತೃ–1’. ತಂತ್ರಾಂಶ ಹುಡುಕುವುದು ಬರಹದಲ್ಲಿರುವುದನ್ನು. ಬಾಯಲ್ಲಿದ್ದದ್ದು ಅದಕ್ಕೆ ಇಲ್ಲವೇ ಇಲ್ಲ. ಹೋಲಿಕೆ: ಶೇ. 0. ನಾಲ್ಕು ಹಂತಗಳ ನಿಯಮಾವಳಿಯಲ್ಲಿ ಈ ಕಳವಿಗೆ ಒಂದು ಹಂತವೂ ಇಲ್ಲ. ಇದು ಶುದ್ಧ ಸಂಶೋಧನೆಯಂತೆ!

ಫಲಿತ: ಸಂಪಾದಕರೇ, ತಂತ್ರಾಂಶದ ವರದಿಯನ್ನು ಪಕ್ಕಕ್ಕಿಟ್ಟು ಲೇಖಕನನ್ನು ಒಂದೇ ಮಾತು ಕೇಳಿ: ಇದನ್ನು ಹೇಳಿಕೊಟ್ಟವರು ಯಾರು, ಹೆಸರು ಹಾಕಲೇ ಎಂದು ಅವರನ್ನು ಕೇಳಿದಿರಾ? ಉತ್ತರ ಬರದಿದ್ದರೆ ಲೇಖನ ವಾಪಸ್ ಕಳಿಸಿ.