ಮುಂದಿನ ಗಾಡಿಯ ಅಕ್ಷರ

ಬೆಳಿಗ್ಗೆ ಯಲಹಂಕದಿಂದ ಮೇಖ್ರಿ ಸರ್ಕಲ್ಲಿಗೆ ಹೊರಟವನಿಗೆ ದಾರಿಯುದ್ದಕ್ಕೂ ಓದಲು ಸಿಗುವ ಸಾಹಿತ್ಯ ಒಂದೇ: ಮುಂದಿನ ಗಾಡಿಯ ನಂಬರ್ ಪ್ಲೇಟು. ಹೆಬ್ಬಾಳ ಫ್ಲೈಓವರ್ ಹತ್ತುವ ಮೊದಲೇ ಸಾಲು ನಿಂತುಬಿಟ್ಟರಂತೂ ಆ ಸಾಹಿತ್ಯವನ್ನು ಪದವಿಭಾಗ, ಅನ್ವಯ, ತಾತ್ಪರ್ಯ ಸಮೇತ ಅಧ್ಯಯನ ಮಾಡುವಷ್ಟು ಪುರುಸೊತ್ತು ಸಿಗುತ್ತದೆ. ಬಸ್ಸಿನ ಕಿಟಕಿ ಪಕ್ಕದ ಸೀಟು ಹಿಡಿದು ನಾನು ಆಡುವ ಆಟ ಹುಟ್ಟಿದ್ದು ಹೀಗೆ.

ನಿಯಮ ಸರಳ. ಅಂಕಿಗಳನ್ನು ಬಿಟ್ಟುಬಿಡಿ. 04 ಅಂದರೆ ಯಶವಂತಪುರದ ಆರ್‌ಟಿಓ, 50 ಅಂದರೆ ನಮ್ಮ ಯಲಹಂಕದ್ದು. ಅಷ್ಟು ಗೊತ್ತಿದ್ದರೆ ಸಾಕು. ಉಳಿಯುವುದು ಕೆ, ಎ, ಮತ್ತೆ ಅವುಗಳ ಹಿಂದಿನ ಎರಡು ಅಕ್ಷರ. ಈ ನಾಲ್ಕೂ ಎಲ್ಲಾದರೂ ಅಡಗಿರುವ ಇಂಗ್ಲಿಷ್ ಪದ ಹುಡುಕಬೇಕು. ಎಷ್ಟು ಚಿಕ್ಕದಾದರೆ ಅಷ್ಟು ಹೆಚ್ಚುಗಾರಿಕೆ.

ಎಂ-ಆರ್ ಬಂದರೆ ‘ಮಾರ್ಕ್’, ಎಳೆ ಮಕ್ಕಳಿಗೂ ಹೊಳೆಯುತ್ತದೆ. ಎನ್-ಬಿ ಬಂದರೆ ‘ಬ್ಯಾಂಕ್’. ಅದು ಇನ್ನೂ ಪ್ಲಾಸ್ಟಿಕ್ ಹಾಳೆ ಬಿಚ್ಚದ ಹೊಸ ಕಾರಿನ ಮೇಲಿತ್ತು. ಒಡೆಯ ಯಾರೆಂದು ಪ್ಲೇಟೇ ಸತ್ಯ ನುಡಿದಿತ್ತು. ಎಚ್-ಡಬ್ಲ್ಯೂ ಅಂದರೆ ‘ಹಾಕ್’. ಅದನ್ನು ಹೊತ್ತ ಡೆಲಿವರಿ ಹುಡುಗ ಆಗಲೇ ಫುಟ್‌ಪಾತ್ ಮೇಲೆ ಹಾರಿಹೋಗಿದ್ದ. ಹೆಬ್ಬಾಳ ಕೆರೆಯ ಪಕ್ಕದಲ್ಲೇ ಎಲ್-ಇ ಸಿಕ್ಕಿದ್ದು ನನ್ನ ಪುಣ್ಯ: ‘ಲೇಕ್’. ಅದೇ ನಾಲ್ಕು ಅಕ್ಷರ ತಿರುಗಿಸಿ ಹಾಕಿದರೆ ‘ಲೀಕ್’. ಬೆಂಗಳೂರಿನ ಕೆರೆಗಳ ಚರಿತ್ರೆಯನ್ನು ಇದಕ್ಕಿಂತ ಚಿಕ್ಕದಾಗಿ ಯಾರೂ ಬರೆದಿಲ್ಲ. ನನ್ನ ಮೆಚ್ಚಿನದು ಮಾತ್ರ ಇ-ಕ್ಯೂ. ಕ್ಯೂ ಕಂಡರೆ ಎದೆ ಧಸಕ್ಕೆನ್ನುತ್ತದೆ, ಅದು ಯು ಅಕ್ಷರವನ್ನು ಬಿಟ್ಟು ಹೊರಡುವುದು ಅಪರೂಪ. ಯು ಒಂದನ್ನು ಸಾಲ ತಂದರೆ ‘ಕ್ವೇಕ್’, ಭೂಕಂಪ. ಆ ಪ್ಲೇಟು ಇದ್ದದ್ದು ಸೈಲೆನ್ಸರ್ ಬದಲಾಯಿಸಿದ ಬುಲೆಟ್ ಮೇಲೆ!

ಪ್ಲೇಟಿನ ಆ ಎರಡು ಅಕ್ಷರಗಳಲ್ಲಿ ಐ ಮತ್ತು ಓ ಸಿಗುವುದಿಲ್ಲ. ಒಂದು, ಸೊನ್ನೆಗಳ ಜೊತೆ ಅವು ಕಲಸಿಹೋಗುತ್ತವೆ ಅಂತ ಸರ್ಕಾರ ಕೈಬಿಟ್ಟಿದೆ. ಹಾಗಾಗಿ ಸ್ವರಗಳ ಬರ. ಇ ಕಂಡರೆ ಮಳೆ ಬಂದ ಹಾಗೆ.

ನಮ್ಮ ಪಕ್ಕದ ಮನೆಯ ನಿವೃತ್ತ ಇಂಗ್ಲಿಷ್ ಮೇಷ್ಟರಿಗೆ ಈ ಆಟ ಹಿಡಿಸಿದ್ದು ಅವರು ಅಕ್ಷರದ ಬಿಲ್ಲೆ ಜೋಡಿಸಿ ಪದ ಕಟ್ಟುವ ಸ್ಕ್ರ್ಯಾಬಲ್ ಆಡುವವರಾದ್ದರಿಂದ. ಆ ಆಟವೂ ಕೆಲಸವಿಲ್ಲದ ಹೊತ್ತಿನಲ್ಲೇ ಹುಟ್ಟಿದ್ದು. 1930ರ ದಶಕದ ಆರ್ಥಿಕ ಕುಸಿತದಲ್ಲಿ ಕೆಲಸ ಕಳೆದುಕೊಂಡ ಆಲ್ಫ್ರೆಡ್ ಬಟ್ಸ್ ಎಂಬ ಅಮೆರಿಕದ ವಾಸ್ತುಶಿಲ್ಪಿ, ಪತ್ರಿಕೆಯ ಮುಖಪುಟ ಹರಡಿಕೊಂಡು ಯಾವ ಅಕ್ಷರ ಎಷ್ಟು ಸಲ ಬರುತ್ತದೆಂದು ಎಣಿಸುತ್ತ ಕೂತ. ಆ ಎಣಿಕೆಯ ಫಲವಾಗಿ ಇಂದಿಗೂ ನೂರು ಬಿಲ್ಲೆಗಳಲ್ಲಿ ಇ ಹನ್ನೆರಡು, ಕ್ಯೂ ಒಂದೇ ಒಂದು. ಇ-ಗೆ ಒಂದು ಅಂಕ, ಕ್ಯೂ-ಗೆ ಹತ್ತು. ಸ್ಕ್ರ್ಯಾಬಲ್ ಎಂಬ ಹೆಸರು ಬಂದದ್ದು 1948ರಲ್ಲಿ.

ಅದರಲ್ಲಿ ಪಳಗಿದವರ ಗುಟ್ಟು ದೊಡ್ಡ ಪದಗಳಲ್ಲ, ಎರಡಕ್ಷರದ ಪದಗಳು. ಕ್ಯೂ-ಐ ಅಂದರೆ ಚೀನೀಯರ ಪ್ರಾಣಶಕ್ತಿ. ಜ಼ೆಡ್-ಎ ಅಂದರೆ ಪಿಜ್ಜಾದ ಬಾಲ. ಎ-ಎ ಅಂದರೆ ಹವಾಯಿಯ ಒರಟು ಲಾವಾ. ಎಕ್ಸ್-ಯು ವಿಯೆಟ್ನಾಮಿನ ಹಳೆಯ ಚಿಲ್ಲರೆ ಕಾಸು. “ಅರ್ಥ ಗೊತ್ತಿಲ್ಲದ ಪದ ಇಟ್ಟು ಅಂಕ ಹೊಡೆಯೋದು ಕಳ್ಳತನ ಕಣ್ರೀ,” ಅನ್ನುತ್ತಾರೆ ಮೇಷ್ಟರು. ನಾನು ಒಪ್ಪುವುದಿಲ್ಲ. ನ್ಯೂಜಿಲೆಂಡಿನ ನೈಜಲ್ ರಿಚರ್ಡ್ಸ್ ಫ್ರೆಂಚ್ ಮಾತಾಡಲು ಬಾರದೆಯೇ 2015ರಲ್ಲಿ ಫ್ರೆಂಚ್ ಸ್ಕ್ರ್ಯಾಬಲ್‌ನ ವಿಶ್ವ ಚಾಂಪಿಯನ್ ಆದ, 2024ರಲ್ಲಿ ಸ್ಪ್ಯಾನಿಷ್‌ನಲ್ಲೂ ಗೆದ್ದ. ಪದಕೋಶ ಉರು ಹೊಡೆದದ್ದಷ್ಟೇ ಬಂಡವಾಳ. ಅರ್ಥ ತಿಳಿಯದೆ ಮಂತ್ರ ಹೇಳಿ ದಕ್ಷಿಣೆ ಪಡೆಯುವುದು ನಮಗೇನು ಹೊಸದೆ?

ಆದರೆ ಮೇಷ್ಟರು ಬಾಯಿ ಮುಚ್ಚಿದ್ದು ಬೇರೆ ಮಾತಿಗೆ. ಕೆ-ಎ ಎಂಬುದೇ ಸ್ಕ್ರ್ಯಾಬಲ್ ಪಟ್ಟಿಯಲ್ಲಿರುವ ಪದ. ಪ್ರಾಚೀನ ಈಜಿಪ್ಟಿನವರು ಮನುಷ್ಯನೊಳಗಿನ ಚೇತನಕ್ಕಿಟ್ಟ ಹೆಸರು. ಕೆ ಐದು, ಎ ಒಂದು, ಒಟ್ಟು ಆರು ಅಂಕ. ಸತ್ತವನ ‘ಕಾ’ ಹಸಿಯಬಾರದೆಂದು ಅವರು ಗೋರಿಯಲ್ಲಿ ಊಟ ಇಡುತ್ತಿದ್ದರು. ನಾವು ನಿಂತಲ್ಲೇ ನಿಂತ ಗಾಡಿಗೆ ಪೆಟ್ರೋಲ್ ಉಣಿಸುತ್ತೇವೆ. ನೆರೆಯ ಆರು ರಾಜ್ಯಗಳಲ್ಲಿ ಒಂದರ ಸಂಕೇತಕ್ಕೂ ಆ ಪಟ್ಟಿಯಲ್ಲಿ ಜಾಗವಿಲ್ಲ: ಟಿಎನ್, ಕೆಎಲ್, ಟಿಜಿ, ಎಂಎಚ್ ಹೋಗಲಿ, ಸ್ವರ ಇಟ್ಟುಕೊಂಡ ಆಂಧ್ರದ ಎಪಿ, ಗೋವಾದ ಜಿಎ ಕೂಡ ಫೇಲು. ಹಿಂದೆ ಮೈಸೂರು ರಾಜ್ಯವಾಗಿದ್ದಾಗ ನಮ್ಮ ಗಾಡಿಗಳ ಮೇಲೆ ಎಂ-ವೈ ಇರುತ್ತಿತ್ತು, ಅಂದರೆ ‘ನನ್ನದು’. ‘ನನ್ನದು’ ಹೋಗಿ ಆತ್ಮ ಬಂತು. ಇಷ್ಟು ವೇದಾಂತ ಯಾವ ಆರ್‌ಟಿಓ ಕಲಿಸುತ್ತದೆ ಹೇಳಿ.

“ಹಾಗಾದ್ರೆ ಕನ್ನಡದಲ್ಲೇ ಆಡ್ರಪ್ಪ,” ಅಂದಳು ನನ್ನ ಹೆಂಡತಿ. ‘ಹೆಬ್ಬಾಳ’ ಬರೆಯಲು ಕೂತೆವು. ‘ಬ್ಬಾ’ ಒಂದು ಬಿಲ್ಲೆಯೋ, ಒತ್ತು ಬೇರೆ ಮಾಡಿ ಎರಡೋ, ದೀರ್ಘ ಬೇರೆ ಮಾಡಿ ಮೂರೋ? ಕಾಗುಣಿತ, ಒತ್ತಕ್ಷರ ಎಲ್ಲ ಲೆಕ್ಕ ಹಾಕಿದರೆ ಬಿಲ್ಲೆ ಸಾಗಿಸಲಿಕ್ಕೇ ಒಂದು ಲಾರಿ ಬೇಕು, ಆ ಲಾರಿಯೂ ಹೆಬ್ಬಾಳದಲ್ಲೇ ಸಿಕ್ಕಿಕೊಳ್ಳುತ್ತದೆ.

ನನಗೀಗ ಉಳಿದಿರುವ ಒಂದೇ ಕಗ್ಗಂಟು ಜೆ-ಎಕ್ಸ್. ಕೆ, ಎ, ಜೆ, ಎಕ್ಸ್ ನಾಲ್ಕೂ ಇರುವ ಪದ ನನಗಂತೂ ಸಿಕ್ಕಿಲ್ಲ, ಮೇಷ್ಟರಿಗೂ ಇಲ್ಲ. ‘ಜೂಕ್‌ಬಾಕ್ಸ್’ ಅನ್ನಬೇಡಿ, ಅದರಲ್ಲಿ ಮೂರು ಇವೆ, ಎ ಒಂದೇ ಇಲ್ಲ. ನಿಮಗೆ ಹೊಳೆದರೆ ದಯವಿಟ್ಟು ತಿಳಿಸಿ. ಸ್ಟಿಯರಿಂಗ್ ನಿಮ್ಮ ಕೈಯಲ್ಲಿದ್ದರೆ ಮಾತ್ರ ಯೋಚಿಸಲು ಹೋಗಬೇಡಿ.